ಬಿಸಿಲಿಗೆ ಹಸು ಸೋಲುತ್ತಿದೆ: ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಬೇಸಿಗೆ ಶುರುವಾದ ಮೇಲೆ ಹಾಲು ಇಳಿದಿದೆ. ಹಸು ಬಾಯಿ ತೆರೆದು ಏದುಸಿರು ಬಿಡುತ್ತಿದೆ. ಮೇವು ಗೋದಲಿಯಲ್ಲೇ ಉಳಿಯುತ್ತಿದೆ. ಕಾರಣ ಕೇಳಿದರೆ "ಬಿಸಿಲು ಜಾಸ್ತಿ" ಎಂಬ ಉತ್ತರ ಸಿಗುತ್ತದೆ. ನಿಜವೇ, ಆದರೆ ಬಿಸಿಲನ್ನು ರಿಪೇರಿ ಮಾಡಲು ಆಗುವುದಿಲ್ಲ ಅಲ್ವಾ? ನಮ್ಮ ಕೈಯಲ್ಲಿರುವುದು ಹಸುವಿನ ಮೈಯಿಂದ ಶಾಖ ಹೊರಗೆ ಹೋಗುವ ದಾರಿ. ಅದು ಎಲ್ಲಿ ಕಟ್ಟಿಕೊಂಡಿದೆ ಎಂದು ಒಂದೊಂದಾಗಿ ನೋಡುತ್ತಾ ಹೋಗೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ನೋಡಿದರೆ ತಪ್ಪು ಸಿಗುವುದು ಕಷ್ಟ. ಆಗ ಎಲ್ಲ ಹಸುಗಳೂ ಏದುತ್ತಿರುತ್ತವೆ, ಎಲ್ಲವೂ ತಪ್ಪಾಗಿಯೇ ಕಾಣುತ್ತದೆ. ಬೆಳಗಿನ ಜಾವ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ಹಗಲಿಡೀ ಕೂಡಿಟ್ಟುಕೊಂಡ ಶಾಖವನ್ನು ಹಸು ರಾತ್ರಿ ಹೊರಗೆ ಹಾಕುತ್ತದೆ. ಬೆಳಗಿನ ಜಾವವೂ ಅದರ ಮೈ ಬಿಸಿ ಇದ್ದರೆ ರಾತ್ರಿಯ ಕೆಲಸ ಮುಗಿದಿಲ್ಲ ಎಂದರ್ಥ. ಹಿಂದಿನ ದಿನದ ಬಾಕಿ ಹೊತ್ತುಕೊಂಡೇ ಅದು ಇವತ್ತಿನ ಬಿಸಿಲಿಗೆ ಇಳಿಯುತ್ತದೆ. ಹೀಗೆ ಮೂರ್ನಾಲ್ಕು ದಿನ ಆದ ಮೇಲೆ ಕುಸಿಯುವ ಹಸುವನ್ನು ನೋಡಿ ಜನ "ನಿನ್ನೆಯವರೆಗೆ ಚೆನ್ನಾಗೇ ಇತ್ತು" ಎನ್ನುತ್ತಾರೆ.

ಶಾಖ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

600 ಕೆಜಿ ತೂಕದ, ದಿನಕ್ಕೆ 30 ಲೀಟರ್ ಹಾಲು ಕೊಡುವ ಹಸುವಿನ ಮೈ ಸುಮಾರು 1,300 ವ್ಯಾಟ್ ಶಾಖ ಹುಟ್ಟಿಸುತ್ತದೆ. ಚಳಿಗೆ ರೂಮಿನಲ್ಲಿ ಇಡುವ ಹೀಟರ್ ಒಂದನ್ನು ಹಗಲೂ ರಾತ್ರಿ ಉರಿಸಿದ ಹಾಗೆ. ಅದೇ ತೂಕದ, 10 ಲೀಟರ್ ಕೊಡುವ ಹಸುವಿನದು ಸುಮಾರು 900 ವ್ಯಾಟ್. ಅದಕ್ಕೇ ಮೊದಲು ಸೋಲುವುದು ಹೆಚ್ಚು ಹಾಲಿನ ಹಸು. ಡುಬ್ಬವಿರುವ ತಳಿಗಳು ಚೆನ್ನಾಗಿ ಬೆವರುತ್ತವೆ, ಅವುಗಳ ಮೈಯಲ್ಲಿ ಹುಟ್ಟುವ ಶಾಖವೂ ಕಡಿಮೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಕಪ್ಪು-ಬಿಳಿ ಬಣ್ಣದ ವಿದೇಶಿ ಹಸು) ತಳಿಗೆ ಈ ಎರಡೂ ಅನುಕೂಲ ಇಲ್ಲ. ಜರ್ಸಿ ಈ ಎರಡರ ನಡುವೆ ಬರುತ್ತದೆ.

ಸುತ್ತಲಿನ ಗಾಳಿ, ನೆಲ, ಸೂರು ಮೈಗಿಂತ ತಣ್ಣಗಿದ್ದರೆ ಶಾಖ ತಾನಾಗಿಯೇ ಅತ್ತ ಹರಿಯುತ್ತದೆ. ಗಾಳಿ ಬಿಸಿಯಾದಷ್ಟೂ ಈ ದಾರಿ ಕಿರಿದಾಗುತ್ತದೆ. ಆಮೇಲೆ ಉಳಿಯುವುದು ಆವಿಯಾಗುವಿಕೆ ಮಾತ್ರ: ಬೆವರು, ಉಸಿರು, ನಾವು ಮೈಮೇಲೆ ಹಾಕುವ ನೀರು. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಅದೂ ಸರಿಯಾಗಿ ನಡೆಯುವುದಿಲ್ಲ.

ಹಾಗಾಗಿ ಬರೀ ತಾಪಮಾನ ನೋಡಿ ಲೆಕ್ಕ ಹಾಕಬೇಡಿ. ತಾಪಮಾನ ಮತ್ತು ತೇವಾಂಶ ಎರಡನ್ನೂ ಸೇರಿಸಿದ ಒಂದು ಸೂಚ್ಯಂಕ ಇದೆ, ಟಿಎಚ್‌ಐ ಎನ್ನುತ್ತಾರೆ. ಹಿಂದೆ 72 ದಾಟಿದರೆ ತೊಂದರೆ ಶುರು ಎನ್ನುತ್ತಿದ್ದರು. ಈಗಿನ ಹೆಚ್ಚು ಹಾಲಿನ ಹಸುಗಳಿಗೆ 68ರಲ್ಲೇ ಹಾಲು ಇಳಿಯಲು ಶುರುವಾಗುತ್ತದೆ. 22 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 50 ಇದ್ದರೆ ಸೂಚ್ಯಂಕ ಆಗಲೇ 68. ನಮಗೆ ಹಿತವಾದ ಹವೆ ಅದು! 35 ಡಿಗ್ರಿಯ ಒಣ ಹವೆಯಲ್ಲಿ, ತೇವಾಂಶ ಶೇ. 20 ಇದ್ದರೆ, ಸುಮಾರು 79 ಬರುತ್ತದೆ. 28 ಡಿಗ್ರಿಗೆ ತೇವಾಂಶ ಶೇ. 80 ಇದ್ದರೆ 80. ಅಂದರೆ ಮೋಡ ಕವಿದ, ಬೆವರು ಆರದ, "ಬಿಸಿಲೇ ಇಲ್ಲ" ಎನಿಸುವ ದಿನವೂ ಹಸುವಿಗೆ ಸುಡು ಬಿಸಿಲಿನ ದಿನದಷ್ಟೇ ಕಷ್ಟ. ಕೊಟ್ಟಿಗೆಯೊಳಗೆ ತಾಪಮಾನ ಮತ್ತು ತೇವಾಂಶ ಎರಡನ್ನೂ ತೋರಿಸುವ ಒಂದು ಮೀಟರ್ ತೂಗುಹಾಕಿ. ಹೊರಗಿನ ಹವಾಮಾನ ವರದಿ ಒಳಗಿನ ಹವೆಯನ್ನು ಹೇಳುವುದಿಲ್ಲ.

ಮೊದಲ ಪರೀಕ್ಷೆ: ಇದು ಬಿಸಿಲಿನ ತಾಪವೋ, ಜ್ವರವೋ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಜ್ವರದ ಹಸುವಿನ ಮೇಲೆ ನೀರು ಸುರಿಯುತ್ತಾ ಎರಡು ದಿನ ಕಳೆದರೆ ಹಸುವೇ ಕೈತಪ್ಪಬಹುದು.

ಬೇಕಾದ ಸಾಮಾನು ಎರಡೇ, ಗಡಿಯಾರ ಮತ್ತು ಡಿಜಿಟಲ್ ಥರ್ಮಾಮೀಟರ್. ಹಸು ಸುಮ್ನೆ ನಿಂತಿರುವಾಗ ಅಥವಾ ಮಲಗಿರುವಾಗ ಹೊಟ್ಟೆಯ ಪಕ್ಕ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ಈಗಷ್ಟೇ ನಡೆದು ಬಂದ ಹಸುವನ್ನು ಎಣಿಸಬೇಡಿ. ನಿಮಿಷಕ್ಕೆ 60 ದಾಟಿದರೆ ಶಾಖ ಒತ್ತುತ್ತಿದೆ. 80 ದಾಟಿದರೆ ಹಾಲಿಗೆ ಖಂಡಿತ ಪೆಟ್ಟು. 100 ದಾಟಿ, ಕುತ್ತಿಗೆ ಚಾಚಿ, ನಾಲಿಗೆ ಹೊರಗೆ ಬಂದಿದ್ದರೆ ತಕ್ಷಣ ತಣಿಸಬೇಕು.

ಗುದದ್ವಾರದ ತಾಪಮಾನ ಸಾಮಾನ್ಯವಾಗಿ 38.5 ಡಿಗ್ರಿಯ ಆಸುಪಾಸು, ಫ್ಯಾರನ್‌ಹೀಟ್‌ನಲ್ಲಿ ಸುಮಾರು 101.3. ಥರ್ಮಾಮೀಟರಿನ ತುದಿ ಸಗಣಿಯೊಳಗೆ ನಿಲ್ಲದೆ ಕರುಳಿನ ಗೋಡೆಗೆ ತಾಗಬೇಕು, ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ. ಬೆಳಗಿನ ಜಾವ ಒಮ್ಮೆ, ಸಂಜೆ ಐದಾರು ಗಂಟೆಗೆ ಒಮ್ಮೆ ನೋಡಿ. ಮಟಮಟ ಮಧ್ಯಾಹ್ನ ಯಾಕೆ ಬೇಡ ಎಂದರೆ, ಹಸುವಿನ ಮೈ ಗಾಳಿಗಿಂತ ಕೆಲವು ಗಂಟೆ ತಡವಾಗಿ ಬಿಸಿಯಾಗುತ್ತದೆ.

ಸಂಜೆ 39.5 ಇದ್ದದ್ದು ಬೆಳಗಿನ ಜಾವಕ್ಕೆ 38.5ಕ್ಕೆ ಇಳಿದರೆ ಅದು ಹವೆಯ ತಾಪ. ರಾತ್ರಿ ತಂಪಾಗಿತ್ತು, ಉಳಿದ ಹಸುಗಳೆಲ್ಲ ಇಳಿದಿವೆ, ಇದೊಂದು ಮಾತ್ರ 40ರ ಮೇಲೇ ನಿಂತಿದೆ ಎಂದರೆ ಕಾಯಿಲೆಯನ್ನು ಹುಡುಕಿ. ಅನುಮಾನ ಬಂದರೆ ಆ ಹಸುವನ್ನು ನೆರಳಿನಲ್ಲಿ ನಿಲ್ಲಿಸಿ, ಚೆನ್ನಾಗಿ ನೆನೆಸಿ, ಒಂದು ಗಂಟೆ ಫ್ಯಾನ್ ಹಾಕಿ ಮತ್ತೆ ಅಳೆಯಿರಿ. ಉಸಿರೂ ತಾಪವೂ ಒಟ್ಟಿಗೆ ಇಳಿದರೆ ಹವೆಯೇ ಕಾರಣ. ಅಲುಗದೆ ನಿಂತರೆ ಪಶುವೈದ್ಯರನ್ನು ಕರೆಯಿರಿ.

ಬಿಸಿಲಿನ ತಾಪದ ಹಾಗೆ ವೇಷ ಹಾಕಿ ಬರುವ ಕಾಯಿಲೆಗಳು ಹಲವು ಇವೆ. ಕಾಫಿ ಬಣ್ಣದ ಗಂಜಲ, ಬಿಳಿಚಿದ ವಸಡು, ಮೈಮೇಲೆ ರಕ್ತ ಹೀರುವ ಉಣ್ಣೆ ಹುಳು ಕಂಡರೆ ಉಣ್ಣೆ ಜ್ವರ ಇರಬಹುದು. ಇದ್ದಕ್ಕಿದ್ದಂತೆ ಜೋರು ಜ್ವರ, ಕಾಲು ಎಳೆಯುವುದು, ಮೈ ಬಿಗಿತ ಇದ್ದರೆ ಮೂರು ದಿನದ ಜ್ವರ. ಕೆಚ್ಚಲಿನ ಒಂದು ಭಾಗ ಗಟ್ಟಿಯಾಗಿ, ಹಾಲು ಒಡೆದಂತೆ ಬಂದರೆ ಕೆಚ್ಚಲು ಬಾವು. ಕೆಮ್ಮು, ಮೂಗಿನಲ್ಲಿ ಕೀವು ಇದ್ದರೆ ಶ್ವಾಸಕೋಶ ನೋಡಿಸಿ. ಜೊಲ್ಲು ಸುರಿಯುತ್ತಿದ್ದರೆ ಬಾಯಿ ಮತ್ತು ಗೊರಸಿನ ಸಂದಿಯಲ್ಲಿ ಗುಳ್ಳೆ ಇದೆಯೇ ನೋಡಬೇಕು, ಅದು ಕಾಲುಬಾಯಿ ಜ್ವರ. ಆದರೆ ಜೊಲ್ಲಿನ ಜೊತೆ ಕೂಗಿನ ದನಿ ಬದಲಾಗಿ, ನೀರು ನುಂಗಲು ಆಗದೆ, ನಡವಳಿಕೆ ವಿಚಿತ್ರವಾಗಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ಹುಚ್ಚುನಾಯಿ ಕಾಯಿಲೆಯೂ ಹಾಗೇ ಕಾಣುತ್ತದೆ. ಈಚೆಗೆ ಕರು ಹಾಕಿದ ಹಸು ಮಲಗಿ ಏಳದೆ, ಕಿವಿ ತಣ್ಣಗಿದ್ದರೆ ಅದು ಬಿಸಿಲಿನ ಕೇಸೇ ಅಲ್ಲ. ಸುಣ್ಣದ ಅಂಶ ಇಳಿದಿರುತ್ತದೆ, ಕಾಯಬೇಡಿ.

ಕುಸಿದು ಬೀಳುವ ಹಂತ

41 ಡಿಗ್ರಿ ದಾಟಿ, ಹಸು ತೂರಾಡುತ್ತಿದ್ದರೆ ಕಾರಣ ಆಮೇಲೆ ಹುಡುಕಿ. ಇದ್ದಲ್ಲಿಗೇ ನೆರಳು ಮಾಡಿ. ದೂರ ನಡೆಸಿದರೆ ಇನ್ನೂ ಬಿಸಿಯಾಗುತ್ತದೆ. ಪೈಪ್ ಹಿಡಿದು ಮೈಯೆಲ್ಲ ತೊಪ್ಪೆಯಾಗುವ ಹಾಗೆ ನೀರು ಬಿಡಿ, ಜೊತೆಗೇ ಗಾಳಿ ಹಾಕಿ. ಹಸಿ ಗೋಣಿಚೀಲವನ್ನು ಬೆನ್ನಿನ ಮೇಲೆ ಹೊದಿಸಿ ಬಿಡಬೇಡಿ. ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಆವಿಯನ್ನು ತಡೆಯುತ್ತದೆ. ತಣ್ಣೀರು ಮುಂದಿಡಿ, ತಾನಾಗಿ ಕುಡಿಯಲಿ. ಬಾಯಿಗೆ ಸುರಿದರೆ ಏದುತ್ತಿರುವ ಹಸುವಿನ ಶ್ವಾಸಕೋಶಕ್ಕೆ ನೀರು ಹೋಗುತ್ತದೆ. 39.5ರ ಹತ್ತಿರ ಬರುವವರೆಗೆ ಹತ್ತು ನಿಮಿಷಕ್ಕೊಮ್ಮೆ ಅಳೆಯುತ್ತಿರಿ. ಪಶುವೈದ್ಯರಿಗೆ ಫೋನ್ ಮಾಡುವುದು ಇವೆಲ್ಲದರ ಜೊತೆಜೊತೆಗೇ ಆಗಬೇಕು.

ಜ್ವರ ಇಳಿಸುವ ಇಂಜೆಕ್ಷನ್ ಕೊಟ್ಟರೂ ಇಳಿಯಲಿಲ್ಲ ಎಂದು ಕೆಲವರು ಹೇಳುತ್ತಾರೆ. ಇಳಿಯುವುದಿಲ್ಲ. ಜ್ವರದಲ್ಲಿ ಮೆದುಳೇ ಮೈಯ ತಾಪವನ್ನು ಏರಿಸಿಕೊಂಡಿರುತ್ತದೆ, ಔಷಧಿ ಅದನ್ನು ಇಳಿಸುತ್ತದೆ. ಇಲ್ಲಿ ಶಾಖ ಹೊರಗೆ ಹೋಗಲು ಜಾಗವಿಲ್ಲದೆ ತಾಪ ಏರಿದೆ.

ಬೆಳಗಿನ ಜಾವವೂ ಮೈ ಬಿಸಿ: ತಪ್ಪು ರಾತ್ರಿಯಲ್ಲಿದೆ

ಹಲವು ಹಸುಗಳಿಗೆ ಬೆಳಗ್ಗೆ 39ರ ಮೇಲಿದ್ದು, ಉಸಿರು 50-60 ಇದ್ದರೆ ಇಲ್ಲಿ ಹುಡುಕಿ. ನನ್ನ ಪ್ರಕಾರ ಅತಿ ಹೆಚ್ಚು ಕೊಟ್ಟಿಗೆಗಳ ತಪ್ಪು ಇದೇ, ಅತಿ ಕಡಿಮೆ ಜನ ನೋಡುವುದೂ ಇದನ್ನೇ.

ಮೊದಲ ಪ್ರಶ್ನೆ: ಫ್ಯಾನ್ ಎಷ್ಟು ಗಂಟೆಗೆ ಆಫ್ ಆಗುತ್ತದೆ? ಬಿಸಿಲು ಇಳಿಯಿತು, ನಮಗೆ ತಂಪಾಯಿತು ಎಂದು ಸಂಜೆ ಏಳಕ್ಕೆ ಸ್ವಿಚ್ ಆರಿಸಿದರೆ, ಹಸುವಿನ ಮೈ ದಿನದಲ್ಲೇ ಅತಿ ಬಿಸಿಯಾಗಿರುವ ಹೊತ್ತಿಗೆ ಗಾಳಿ ನಿಲ್ಲಿಸಿದಂತಾಯಿತು. ಅದೂ ಅಲ್ಲದೆ ಗಾಳಿ ತಣ್ಣಗಿರುವಾಗಲೇ ಫ್ಯಾನ್ ಹೆಚ್ಚು ಶಾಖ ಎಳೆಯುತ್ತದೆ. ಕರೆಂಟ್ ಬಿಲ್ ಉಳಿಸಲೇಬೇಕು ಎಂದಿದ್ದರೂ ಸಂಜೆಯಿಂದ ಬೆಳಗಿನ ತನಕದ ಗಾಳಿಯನ್ನು ಮಾತ್ರ ಕಡಿತ ಮಾಡಬೇಡಿ. ಕೈಯಿಂದ ಸ್ವಿಚ್ ಹಾಕುವ ಬದಲು ಥರ್ಮೋಸ್ಟಾಟ್ ಇಟ್ಟು, 20-22 ಡಿಗ್ರಿಗೆ ಶುರುವಾಗುವ ಹಾಗೆ ಮಾಡಿದರೆ ಮರೆವಿನ ಪ್ರಶ್ನೆಯೇ ಬರುವುದಿಲ್ಲ.

ಎರಡನೆಯದು, ಫ್ಯಾನಿನ ಗಾಳಿ ಹಸುವಿಗೆ ತಲುಪುತ್ತಿದೆಯೇ? ತಿರುಗುವ ಫ್ಯಾನ್ ನೋಡಿ ಸಮಾಧಾನ ಪಡಬೇಡಿ. ಹಸು ಮಲಗುವ ಜಾಗದಲ್ಲಿ ನೀವೇ ಕುಕ್ಕರಗಾಲಿನಲ್ಲಿ ಕುಳಿತು ಮುಖಕ್ಕೆ ಗಾಳಿ ಬರುತ್ತದೆಯೇ ನೋಡಿ. ಒಂದು ನೂಲಿನ ತುಂಡನ್ನು ಹಿಡಿದು ನೋಡಿದರೂ ಸಾಕು, ನೇರ ಕೆಳಗೆ ತೂಗುತ್ತಿದ್ದರೆ ಅಲ್ಲಿ ಗಾಳಿ ಇಲ್ಲ. ಹಸುವಿನ ಮೈಮಟ್ಟದಲ್ಲಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗ ಬೇಕು. ಫ್ಯಾನಿನ ಅಗಲದ ಸುಮಾರು ಹತ್ತು ಪಟ್ಟು ದೂರದವರೆಗೆ ಮಾತ್ರ ಗಾಳಿ ಉಪಯೋಗಕ್ಕೆ ಬರುತ್ತದೆ. 90 ಸೆಂಟಿಮೀಟರ್ ಅಗಲದ ಫ್ಯಾನ್ ಆದರೆ 9 ಮೀಟರ್. ಅದರಾಚೆಯ ಹಸುವಿಗೆ ಇನ್ನೊಂದು ಫ್ಯಾನ್ ಬೇಕು. ಫ್ಯಾನುಗಳೆಲ್ಲ ಒಂದೇ ದಿಕ್ಕಿಗೆ, ಸಹಜವಾಗಿ ಗಾಳಿ ಬೀಸುವ ಕಡೆಗೇ ತಳ್ಳಬೇಕು. ಎದುರುಬದುರು ಇಟ್ಟರೆ ನಡುವೆ ಗಾಳಿ ಸತ್ತುಹೋಗುತ್ತದೆ. ರೆಕ್ಕೆಗೆ, ಜಾಲರಿಗೆ ಮೆತ್ತಿದ ಧೂಳು, ಸಡಿಲವಾದ ಬೆಲ್ಟ್, ಇವೂ ಗಾಳಿಯನ್ನು ಕದಿಯುತ್ತವೆ. ಒಂದು ಬ್ರಷ್ಷಿನಿಂದ ಮುಗಿಯುವ ಕೆಲಸಕ್ಕೆ ಹೊಸ ಫ್ಯಾನ್ ತರುವವರೂ ಇದ್ದಾರೆ. ಇನ್ನು ಸೀಲಿಂಗ್ ಫ್ಯಾನ್: ತಗಡಿನ ಕೆಳಗೆ ಸೇರಿದ ಬಿಸಿ ಗಾಳಿಯನ್ನೇ ಅದು ಕೆಳಗೆ ತಳ್ಳುತ್ತದೆ. ತಗ್ಗು ಸೂರಿನ ಕೊಟ್ಟಿಗೆಗೆ ನಾನಂತೂ ಅದನ್ನು ಹೇಳುವುದಿಲ್ಲ.

ಮೂರನೆಯದು, ಬಿಸಿ ಗಾಳಿ ಹೊರಗೆ ಹೋಗಲು ಬಾಗಿಲು ಇದೆಯೇ? ಮೂಲೆಯಲ್ಲಿ ಜೇಡರ ಬಲೆ ಅಲುಗದೆ ನಿಂತಿದೆ, ಒಳಗೆ ಹೋದ ಕೂಡಲೇ ಕಣ್ಣು ಉರಿಯುವಷ್ಟು ಗಂಜಲದ ವಾಸನೆ, ಹಸುಗಳೆಲ್ಲ ಒಂದೇ ತುದಿಯಲ್ಲಿ ಗುಂಪಾಗಿವೆ. ಈ ಮೂರು ಕಂಡರೆ ಗಾಳಿ ಒಳಗೇ ಸುತ್ತುತ್ತಿದೆ. ಚಳಿಗಾಲಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆ, ಗೋಡೆಗೆ ಒರಗಿಸಿಟ್ಟ ಮೇವಿನ ಕಟ್ಟು, ಇವನ್ನೆಲ್ಲ ತೆಗೆಯಿರಿ. ಗೋಡೆಯ ಮೇಲ್ಭಾಗ ಒಡೆದು ತೆರೆದರೆ ಎರಡು ಫ್ಯಾನಿಗಿಂತ ಜಾಸ್ತಿ ಉಪಯೋಗ ಆಗಬಹುದು. ಹಸುಗಳು ಗುಂಪುಗೂಡಲು ನೊಣವೂ ಕಾರಣ ಇರಬಹುದು. ಬಾಲ ಬೀಸುವುದು, ಕಾಲು ಝಾಡಿಸುವುದು ಜಾಸ್ತಿ ಇದ್ದರೆ ಸಗಣಿ ಗುಂಡಿಯ ಕಡೆ ಗಮನ ಕೊಡಿ.

ಸಾಧ್ಯವಿದ್ದರೆ ರಾತ್ರಿ ಹಸುಗಳನ್ನು ಬಯಲಿನಲ್ಲಿ ಬಿಡಿ. ಮೋಡವಿಲ್ಲದ ರಾತ್ರಿಯ ಆಕಾಶ ಶಾಖವನ್ನು ಪುಕ್ಕಟೆಯಾಗಿ ಎಳೆದುಕೊಳ್ಳುತ್ತದೆ. ಹಗಲಿಡೀ ಕಾದ ಕಾಂಕ್ರೀಟ್ ಮತ್ತು ಶೀಟಿನ ನಡುವೆ ಕಟ್ಟಿಹಾಕಿದ ಹಸುವಿಗೆ ಆ ಅನುಕೂಲ ಸಿಗುವುದಿಲ್ಲ.

ನೀರು ಹಾಕುತ್ತಿದ್ದೇವೆ, ಆದರೂ ಏದುಸಿರು ನಿಂತಿಲ್ಲ

ಇಲ್ಲಿ ಒಂದು ಲೆಕ್ಕ ಗೊತ್ತಿರಲಿ. ಒಂದು ಲೀಟರ್ ನೀರು ಮೈಮೇಲಿಂದ ಹರಿದು, 10 ಡಿಗ್ರಿ ಬಿಸಿಯಾಗಿ ಕೆಳಗೆ ಬಿದ್ದರೆ ಅದು ಒಯ್ಯುವುದು ಸುಮಾರು 42 ಕಿಲೋಜೂಲ್. ಅದೇ ಲೀಟರ್ ಚರ್ಮದ ಮೇಲಿಂದ ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್. ಐವತ್ತು ಪಟ್ಟಿಗೂ ಜಾಸ್ತಿ. ಮೇಲೆ ಹೇಳಿದ 30 ಲೀಟರಿನ ಹಸುವಿನ ಅರ್ಧ ಗಂಟೆಯ ಶಾಖ ಒಂದೇ ಲೀಟರಿನಲ್ಲಿ ಹೋಗುತ್ತದೆ. ಆದ್ದರಿಂದ ನೀರು ಸುರಿಯುವುದಕ್ಕಿಂತ ಅದನ್ನು ಒಣಗಿಸುವುದು ಮುಖ್ಯ. ಒಣಗಿಸಲು ಗಾಳಿ ಬೇಕು.

ಕೈ ಹಾಕಿ ಪರೀಕ್ಷಿಸಿ. ಬೆನ್ನಿನ ಕೂದಲ ಮೇಲೆ ಹನಿಗಳು ಮಂಜಿನ ಹಾಗೆ ಕೂತಿವೆ, ಬೆರಳು ಒತ್ತಿ ಒಳಗೆ ಮುಟ್ಟಿದರೆ ಚರ್ಮ ಒಣಗಿದೆ. ಇದು ಫಾಗರ್‌ನ, ಅಂದರೆ ನೀರನ್ನು ಮಂಜಿನಂತೆ ಚಿಮ್ಮುವ ನಳಿಕೆಯ ತೊಂದರೆ. ಹನಿ ತೀರಾ ಸಣ್ಣದಾದ್ದರಿಂದ ಕೂದಲ ತುದಿಯಲ್ಲೇ ನಿಂತು, ಗಾಳಿಯ ತೇವ ಏರಿಸಿ, ಮೈಗೆ ಕಂಬಳಿ ಹೊದಿಸಿದಂತೆ ಮಾಡುತ್ತದೆ. ಒಣ ಹವೆಯ ಜಾಗದಲ್ಲಿ ಫಾಗರ್ ಗಾಳಿಯನ್ನೇ ತಂಪು ಮಾಡುತ್ತದೆ, ಅಲ್ಲಿ ಒಳ್ಳೆಯದೇ. ತೇವದ ಹವೆಯಲ್ಲಿ ಅದು ಶತ್ರು. ಅಲ್ಲಿ ದಪ್ಪ ಹನಿಯ ಸ್ಪ್ರಿಂಕ್ಲರ್ ನಳಿಕೆ ಹಾಕಿ.

ಬೆನ್ನು ಚರ್ಮದವರೆಗೆ ನೆನೆಯಬೇಕು, ನೀರು ಕೆಚ್ಚಲಿಗೆ ಇಳಿಯುವ ಮೊದಲೇ ನಿಲ್ಲಬೇಕು. ಒಂದರಿಂದ ಮೂರು ನಿಮಿಷ ನೀರು, ಆಮೇಲೆ ನೀರು ಬಂದ್, ಫ್ಯಾನ್ ಮಾತ್ರ. ಬೆನ್ನು ಒಣಗುತ್ತಾ ಬಂದಾಗ ಮತ್ತೆ ನೀರು. ಒಣಗಲು ಸಾಮಾನ್ಯವಾಗಿ 5ರಿಂದ 12 ನಿಮಿಷ ಬೇಕಾಗುತ್ತದೆ, ಅದು ಹವೆ ಮತ್ತು ಗಾಳಿಯನ್ನು ಅವಲಂಬಿಸಿದೆ. ಟೈಮರ್ ಅಂಕಿಯನ್ನು ಎಲ್ಲಿಂದಲೋ ತಂದು ಹಾಕುವ ಬದಲು ನಿಮ್ಮ ಹಸುವಿನ ಬೆನ್ನು ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಒಮ್ಮೆ ನಿಂತು ನೋಡಿ, ಅದನ್ನೇ ಇಡಿ. 20 ನಿಮಿಷವಾದರೂ ಬೆನ್ನು ಹಸಿಯಾಗಿಯೇ ಇದ್ದರೆ ಗಾಳಿ ಸಾಲದು. ಆಗ ನೀರು ಹೆಚ್ಚಿಸಿದರೆ ತೊಂದರೆಯೂ ಹೆಚ್ಚುತ್ತದೆ.

ಕೆಚ್ಚಲಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಮಲಗುವ ಜಾಗ ಕೆಸರಾಗಿದ್ದರೆ, ಕೆಚ್ಚಲು ಬಾವು ಬರುವ ಅಪಾಯ ಜಾಸ್ತಿ. ಸ್ಪ್ರಿಂಕ್ಲರ್ ಜಾಗ ಗೋದಲಿಯ ಸಾಲು, ಇಲ್ಲವೇ ಹಾಲು ಕರೆಯುವ ಮೊದಲು ಹಸುಗಳು ನಿಲ್ಲುವ ಅಂಗಳ. ಮಲಗುವ ಜಾಗಕ್ಕೆ ಬರೀ ಫ್ಯಾನ್ ಸಾಕು. ಆ ಅಂಗಳದ ಬಗ್ಗೆ ಇನ್ನೊಂದು ಮಾತು: ಹಸುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಾಯಿಸುವ ಆ ಅರ್ಧ-ಮುಕ್ಕಾಲು ಗಂಟೆ ಇಡೀ ದಿನದ ಅತಿ ಬಿಸಿ ಹೊತ್ತು. ಒಂದೇ ಫ್ಯಾನ್ ಕೊಳ್ಳಲು ಶಕ್ತಿ ಇದೆ ಎಂದಾದರೆ ಅಲ್ಲಿಂದಲೇ ಶುರು ಮಾಡಿ.

ಗಾಳಿಯ ತಾಪಮಾನ ಹಸುವಿನ ಮೈಯಷ್ಟೇ, ಅಂದರೆ 38-39 ಡಿಗ್ರಿ ಮುಟ್ಟಿದರೆ ಒಣ ಮೈಗೆ ಫ್ಯಾನ್ ಹಾಕಿ ಲಾಭ ಕಡಿಮೆ. ಆಗ ನೆನೆಸದೆ ದಾರಿಯಿಲ್ಲ.

ಬೆಳಗ್ಗೆ ಚೆನ್ನಾಗಿದೆ, ಮಧ್ಯಾಹ್ನ ಮಾತ್ರ ಸೋಲುತ್ತದೆ

ಹೀಗಿದ್ದರೆ ರಾತ್ರಿಯ ವ್ಯವಸ್ಥೆ ಸರಿಯಿದೆ, ಹಗಲಿನಲ್ಲಿ ಶಾಖ ಒಳಗೆ ಬರುವುದನ್ನು ತಡೆಯಬೇಕು. ಮಧ್ಯಾಹ್ನ ಎರಡಕ್ಕೆ ಸೂರಿನ ಕೆಳಗೆ ನಿಂತು ತಲೆಯ ಮೇಲೆ ಕೈ ಎತ್ತಿ. ಅಂಗೈಗೆ ಝಳ ಹೊಡೆದರೆ ಹಸುವಿನ ಬೆನ್ನಿಗೂ ಅದೇ ಝಳ. ಬರೀ ತಗಡು ಅಥವಾ ಸಿಮೆಂಟ್ ಶೀಟಿನ ಒಳಮೈ 50 ಡಿಗ್ರಿ ದಾಟುವುದು ಅಪರೂಪವಲ್ಲ. ಮೇಲೆ ಬಿಳಿ ಬಣ್ಣ ಬಳಿಯುವುದು, ಒಣಹುಲ್ಲು ಅಥವಾ ಗರಿ ಹೊದಿಸುವುದು, ಕೆಳಗೆ ಇನ್ನೊಂದು ಪದರ ಕಟ್ಟುವುದು, ಮೂರೂ ಕೆಲಸ ಮಾಡುತ್ತವೆ. ಹುಲ್ಲು ಹೊದಿಸಿದರೆ ಬೆಂಕಿಯ ಭಯ ಇದೆ, ವೈರಿಂಗ್ ದೂರವಿರಲಿ.

ಬಯಲಿನಲ್ಲಿ ನೆರಳು ಮಾಡುವುದಾದರೆ ಒಂದು ಹಸುವಿಗೆ 4-5 ಚದರ ಮೀಟರ್, ಎತ್ತರ 3.5 ಮೀಟರಿಗೆ ಕಡಿಮೆ ಬೇಡ. ಎಲ್ಲಕ್ಕಿಂತ ಒಳ್ಳೆಯದು ಮರದ ನೆರಳು. ಎಲೆಗಳು ನೀರನ್ನು ಆವಿ ಮಾಡುತ್ತಾ ತಣ್ಣಗಿರುತ್ತವೆ, ಶೀಟಿನ ಹಾಗೆ ಕಾದು ಝಳ ಬೀರುವುದಿಲ್ಲ. ಆದರೆ ಒಂದೇ ಮರದಡಿ ಇಪ್ಪತ್ತು ಹಸು ಸೇರಿದರೆ ಬುಡ ಕೆಸರಾಗಿ, ಕೆಚ್ಚಲಿಗೆ ಹೊಸ ತಲೆನೋವು.

ಮೇವಿನ ಹೊತ್ತನ್ನೂ ನೋಡಿ. ತಿಂದ ಮೇವು ಹೊಟ್ಟೆಯಲ್ಲಿ ಹುಳಿಯುವಾಗ ಹುಟ್ಟುವ ಶಾಖ ಕೆಲವು ಗಂಟೆಯ ನಂತರ ಜೋರಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಹೊಟ್ಟೆ ತುಂಬ ಹಾಕಿದರೆ ಒಳಗಿನ ಬೆಂಕಿ ಹೊರಗಿನ ಬಿಸಿಲಿನ ಜೊತೆಗೇ ನೆತ್ತಿಗೇರುತ್ತದೆ. ದಿನದ ಮೇವಿನ ಮೂರರಲ್ಲಿ ಎರಡು ಭಾಗ ಸಂಜೆಯಿಂದ ನಸುಕಿನೊಳಗೆ ಸಿಗಲಿ.

ನೀರಿನ ತೊಟ್ಟಿ

ತೊಟ್ಟಿ ತುಂಬಿದೆ ಎಂದರೆ ಸಾಲದು. ಬಾಯಾರಿದ ಹಸು ನಿಮಿಷಕ್ಕೆ 10-20 ಲೀಟರ್ ಎಳೆಯುತ್ತದೆ. ತೊಟ್ಟಿಗೆ ಬರುವ ನಲ್ಲಿಗೆ 20 ಲೀಟರಿನ ಬಕೆಟ್ ಹಿಡಿದು ನೋಡಿ. ತುಂಬಲು ಎರಡು ನಿಮಿಷಕ್ಕಿಂತ ಜಾಸ್ತಿ ಬೇಕಾದರೆ ಹಸುಗಳು ಬಂದಾಗ ತೊಟ್ಟಿ ಬರಿದಾಗುತ್ತದೆ. ಜೋರಿನ ಹಸು ಮೊದಲು ಕುಡಿದು ಹೋಗುತ್ತದೆ, ಹಿಂದೆ ನಿಂತದ್ದಕ್ಕೆ ತಳದ ಕೆಸರು. ಒಂದು ಗುಂಪಿಗೆ ಎರಡು ಕಡೆ ತೊಟ್ಟಿ ಇರಲಿ. ಹಾಲು ಕರೆದು ಹೊರಗೆ ಬರುವ ದಾರಿಯಲ್ಲಿ ಒಂದು ಇದ್ದೇ ಇರಬೇಕು. ಕರೆದ ಕೂಡಲೇ ಹಸು ಅತಿ ಹೆಚ್ಚು ಕುಡಿಯುತ್ತದೆ. ಹಾಲಿನಲ್ಲಿ ಶೇ. 87ರಷ್ಟು ನೀರೇ ಅಲ್ವಾ, ಹೋದದ್ದನ್ನು ತುಂಬಿಕೊಳ್ಳಬೇಕು. ಹೆಚ್ಚು ಹಾಲಿನ ಹಸು ಬೇಸಿಗೆಯಲ್ಲಿ ದಿನಕ್ಕೆ 100 ಲೀಟರ್ ದಾಟಿ ಕುಡಿಯುತ್ತದೆ.

ನೀರಿಗೆ ಕೈ ಅದ್ದಿ. 20 ಡಿಗ್ರಿಯ 20 ಲೀಟರ್ ನೀರು ಕುಡಿದ ಹಸುವಿಗೆ ಅದರ ಮೈಯ ಸುಮಾರು 20 ನಿಮಿಷದ ಶಾಖ ಅದರಲ್ಲೇ ಇಳಿಯುತ್ತದೆ. ಬಿಸಿಲಿಗೆ ಕಾದ ಕಪ್ಪು ಟ್ಯಾಂಕಿನಿಂದ ಬಂದ 35 ಡಿಗ್ರಿಯ ನೀರಾದರೆ ನಾಲ್ಕು ನಿಮಿಷದ್ದೂ ಇಳಿಯುವುದಿಲ್ಲ. ಪೈಪನ್ನು ಮಣ್ಣಿನಡಿ ಹೂಳಿ, ಟ್ಯಾಂಕಿಗೆ ನೆರಳು ಮಾಡಿ. ಪಾಚಿ ಕಟ್ಟಿದ್ದರೆ ಉಜ್ಜಿ ತೊಳೆಯಿರಿ.

ಉಸಿರು ಹದ್ದುಬಸ್ತಿಗೆ ಬಂದಿದೆ, ಆದರೆ ಫ್ಯಾಟ್ ಇಳಿದಿದೆ

ತಂಪು ಮಾಡುವ ಕೆಲಸ ಸರಿಹೋದ ಮೇಲೂ ಹಾಲಿನ ಫ್ಯಾಟ್ ಬಿದ್ದು, ಸಗಣಿ ತೆಳ್ಳಗೆ, ನೊರೆನೊರೆಯಾಗಿದ್ದರೆ ತಪ್ಪು ಹೊಟ್ಟೆಗೆ ದಾಟಿದೆ. ನಡೆಯುವುದು ಹೀಗೆ. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಗೆ ಹೋಗುತ್ತದೆ, ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬನೇಟನ್ನು ಗಂಜಲದಲ್ಲಿ ಹೊರಹಾಕುತ್ತದೆ. ಜೊಲ್ಲಿಗೆ ಹೋಗಬೇಕಾದ ಬೈಕಾರ್ಬನೇಟ್ ಕಡಿಮೆಯಾಗುತ್ತದೆ. ಇದ್ದ ಜೊಲ್ಲೂ ಬಾಯಿಂದ ನೆಲಕ್ಕೆ ಸುರಿಯುತ್ತದೆ. ಇತ್ತ ಹಸು ಒಣಮೇವು ಬಿಟ್ಟು ಹಿಂಡಿಯನ್ನೇ ಆರಿಸಿ ತಿನ್ನುತ್ತದೆ. ಹೊಟ್ಟೆ ಹುಳಿಯಾಗುತ್ತದೆ, ಫ್ಯಾಟ್ ಬೀಳುತ್ತದೆ. ಅದೇ ಹುಳಿಯಿಂದ ಗೊರಸು ಕೆಟ್ಟು ಎರಡು-ಮೂರು ತಿಂಗಳ ಮೇಲೆ ಕುಂಟು ಶುರುವಾದಾಗ ಬೇಸಿಗೆಯ ನೆನಪೂ ಇರುವುದಿಲ್ಲ.

ಪರೀಕ್ಷೆ ಸುಲಭ. ಮಲಗಿ ವಿಶ್ರಾಂತಿಯಲ್ಲಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಹಾಕುತ್ತಿಲ್ಲ ಎಂದರೆ ಮೇವು ನೋಡಿ. "ತಿನ್ನುತ್ತಿಲ್ಲ" ಎಂದು ಹಿಂಡಿ ಏರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಹೊಟ್ಟೆ ಕೆಡಿಸುವುದೂ ಅದೇ. ನಾರಿನ ಅಂಶ ಕಡಿಮೆ ಮಾಡಬೇಡಿ, ನಾರಿನ ಗುಣಮಟ್ಟ ಏರಿಸಿ. ಬಲಿತ ಕಡ್ಡಿಯ ಬದಲು ಎಳೆಯ, ಬೇಗ ಕರಗುವ ಹಸಿಮೇವು ಕೊಡಿ. ಶಕ್ತಿ ಸಾಲದಿದ್ದರೆ ಬೈಪಾಸ್ ಫ್ಯಾಟ್ (ಮೊದಲ ಹೊಟ್ಟೆಯಲ್ಲಿ ಕರಗದೆ ಮುಂದೆ ದಾಟುವ ಕೊಬ್ಬು) ಒಳ್ಳೆಯದು, ಅದು ಹೊಟ್ಟೆಯಲ್ಲಿ ಹುಳಿದು ಶಾಖ ಹುಟ್ಟಿಸುವುದಿಲ್ಲ. ಅಡುಗೆ ಸೋಡಾ ದಿನಕ್ಕೆ 150-200 ಗ್ರಾಂ ಮೇವಿನಲ್ಲಿ ಬೆರೆಸಬಹುದು. ಆದರೆ ಕರು ಹಾಕಲು ಹತ್ತಿರವಾದ ಹಸುವಿಗೆ ಸೋಡಾ ಬೇಡ, ಸುಣ್ಣದ ಅಂಶದ ಹೊಂದಾಣಿಕೆ ಕೆಡುತ್ತದೆ.

ಉಪ್ಪಿನ ವಿಷಯದಲ್ಲಿ ನಮ್ಮ ಅಳತೆಗೋಲು ಹಸುವಿಗೆ ಹೊಂದುವುದಿಲ್ಲ. ನಮ್ಮ ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಹಸುವಿನ ಬೆವರಿನಲ್ಲಿ ಪೊಟ್ಯಾಸಿಯಂ. ಬೇಸಿಗೆಯ ಖನಿಜ ಮಿಶ್ರಣದಲ್ಲಿ ಪೊಟ್ಯಾಸಿಯಂ ಇದೆಯೇ ಎಂದು ಚೀಲದ ಮೇಲೆ ಓದಿ ನೋಡಿ. ಗೋದಲಿಯ ಮೇವಿನ ರಾಶಿಗೂ ಕೈ ಹಾಕಿ. ಒಳಗೆ ಬೆಚ್ಚಗಿದ್ದು ಹುಳಿ ವಾಸನೆ ಬಂದರೆ ಹಸು ತಿನ್ನದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಬೆದೆ ಕಾಣುತ್ತಿಲ್ಲ, ಗಬ್ಬ ನಿಲ್ಲುತ್ತಿಲ್ಲ

ತಾಪದಲ್ಲಿ ಬೆದೆ ಚಿಕ್ಕದಾಗುತ್ತದೆ, ಸದ್ದಿಲ್ಲದೆ ಬಂದು ಹೋಗುತ್ತದೆ. ನಡುರಾತ್ರಿ, ನಸುಕಿನಲ್ಲಿ ನೋಡಿದರೆ ಮಾತ್ರ ಸಿಗುತ್ತದೆ. ಭ್ರೂಣಕ್ಕೆ ಮೊದಲ ಕೆಲವು ದಿನಗಳಲ್ಲೇ ಶಾಖದ ಪೆಟ್ಟು ಜಾಸ್ತಿ. ಹಾಗಾಗಿ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿದ ಮೇಲೆ ಒಂದು ವಾರ ಆ ಹಸುವಿಗೆ ಕೊಟ್ಟಿಗೆಯ ಅತಿ ತಂಪು ಜಾಗ ಕೊಡಿ.

ಹಾಲು ಬತ್ತಿಸಿದ ಹಸು

ಇದನ್ನು ಯಾರೂ ದೂರು ಎಂದು ಹೇಳಿಕೊಂಡು ಬರುವುದಿಲ್ಲ. ಬತ್ತಿಸಿದ ಹಸು ಏದುವುದು ಕಡಿಮೆ, ಹಾಲಿನ ಲೆಕ್ಕದಲ್ಲೂ ಇಲ್ಲ. ಹಾಗಾಗಿ ಅದನ್ನು ಹೊರಗಿನ ಮೂಲೆಯಲ್ಲಿ ಕಟ್ಟಿ, ಫ್ಯಾನುಗಳೆಲ್ಲ ಹಾಲಿನ ಹಸುಗಳಿಗೆ. ಆದರೆ ಕರು ಹಾಕುವ ಮುಂಚಿನ ಆ ಎರಡು ತಿಂಗಳಲ್ಲೇ ಕೆಚ್ಚಲಿನಲ್ಲಿ ಹಾಲು ಮಾಡುವ ಜೀವಕೋಶಗಳು ಹೊಸದಾಗಿ ಬೆಳೆಯುವುದು. ಆಗ ತಾಪ ತಿಂದ ಹಸು ಮುಂದಿನ ಇಡೀ ಸೂಲಿನಲ್ಲಿ ಕಡಿಮೆ ಹಾಲು ಕೊಡುತ್ತದೆ. ಕರು ಕಡಿಮೆ ತೂಕದಲ್ಲಿ ಹುಟ್ಟುತ್ತದೆ, ಗಿಣ್ಣುಹಾಲಿನ ರೋಗನಿರೋಧಕ ಅಂಶವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಚಳಿಗಾಲದಲ್ಲಿ "ಈ ಸಲ ಯಾಕೋ ಹಾಲೇ ಏರಲಿಲ್ಲ" ಎನಿಸಿದರೆ ಬತ್ತಿಸಿದ್ದು ಯಾವ ತಿಂಗಳಲ್ಲಿ, ಕಟ್ಟಿದ್ದು ಎಲ್ಲಿ ಎಂದು ಲೆಕ್ಕ ತೆಗೆಯಿರಿ.

ಸರಿಹೋಯಿತು ಎಂದು ಗೊತ್ತಾಗುವುದು ಯಾವಾಗ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ತುರ್ತು ಇದ್ದಾಗ ಮಾತ್ರ ಎಲ್ಲವನ್ನೂ ಒಟ್ಟಿಗೆ ಮಾಡಿ. ತಪ್ಪು ಸಿಕ್ಕಿದ್ದರೆ ಉಸಿರು ಒಂದು ಗಂಟೆಯೊಳಗೆ ಇಳಿಯುತ್ತದೆ. ಬೆಳಗಿನ ಜಾವದ ತಾಪ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಹಾಲನ್ನು ಮಾತ್ರ ಅದೇ ದಿನ ಅಳೆದು ತೀರ್ಮಾನಿಸಬೇಡಿ. ಹಾಲು ಹವೆಯ ಹಿಂದೆ ಸುಮಾರು ಎರಡು ದಿನ ತಡವಾಗಿ ನಡೆಯುತ್ತದೆ. ಇಳಿದ ಹಾಲೆಲ್ಲ ವಾಪಸ್ ಬರುವುದೂ ಇಲ್ಲ, ಅದರಲ್ಲೂ ಕರು ಹಾಕಿ ಹಲವು ತಿಂಗಳಾದ ಹಸುವಿನಲ್ಲಿ. ಗಬ್ಬ ನಿಲ್ಲುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಸಿಲಿನಲ್ಲಿ ಪೆಟ್ಟು ತಿಂದ ಅಂಡಾಣುಗಳು ಪೂರ್ತಿ ಖಾಲಿಯಾಗಲು ಹವೆ ತಂಪಾದ ಮೇಲೂ 40ರಿಂದ 60 ದಿನ ಬೇಕು. ಆ ಅವಧಿಯಲ್ಲಿ ಎರಡು ಸಲ ಇಂಜೆಕ್ಷನ್ ಹಿಡಿಯಲಿಲ್ಲ ಎಂದು ಹಸುವನ್ನು ಮಾರಿಬಿಡಬೇಡಿ.